ವೈದ್ಯರನ್ನು ಕೇಳಿ: ವಿಮಾನ ನಡೆಸುವವರು ಸಿಗರೇಟು ಬಿಡುವುದು ಹೇಗೆ?

ಸಿಗರೇಟು ಬಿಡುವ ಬಗ್ಗೆ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ. ಈ ಸಲದ ಮೂರೂ ವಿಮಾನ ಚಾಲಕರಿಂದ ಅಥವಾ ಅವರ ಮನೆಯವರಿಂದ ಬಂದವು. ಇವರಿಗೆ ನಾವು ಎಲ್ಲರಿಗೂ ಹೇಳುವ ಸಲಹೆಯನ್ನೇ ಹೇಳಿದರೆ ಸಾಲದಾದ್ದರಿಂದ ಪೂರ್ತಿ ಅಂಕಣವನ್ನು ಅವರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯ ವೈದ್ಯರೇ, ನಾನು ಒಂದು ದೇಶೀಯ ವಿಮಾನಯಾನ ಸಂಸ್ಥೆಯಲ್ಲಿ ಸಹ ಪೈಲಟ್. ವಯಸ್ಸು 31. ತರಬೇತಿಯ ದಿನಗಳಲ್ಲಿ ಅಂಟಿಕೊಂಡ ಸಿಗರೇಟು ಈಗ ದಿನಕ್ಕೆ ಹನ್ನೆರಡಾಗಿದೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಒಂದು ಬೇಕು. ಹಿಂದೊಮ್ಮೆ ಇದ್ದಕ್ಕಿದ್ದಂತೆ ಬಿಟ್ಟಿದ್ದೆ. ಮೂರನೆಯ ದಿನ ನಾಲ್ಕು ಸೆಕ್ಟರುಗಳ, ಎಂದರೆ ನಾಲ್ಕು ಹಾರಾಟಗಳ, ಡ್ಯೂಟಿಯಿತ್ತು. ವಾಯುಸಂಚಾರ ಕಂಟ್ರೋಲ್‌ನವರು ಹೇಳಿದ ಎತ್ತರವನ್ನು ಮತ್ತೆ ಕೇಳಿ ತಿಳಿದುಕೊಳ್ಳುವಂತಾಯಿತು. ಹೆದರಿ ಆ ರಾತ್ರಿಯೇ ಮತ್ತೆ ಹಚ್ಚಿದೆ. ಜೊತೆಗಿದ್ದ ಹಿರಿಯ ಕ್ಯಾಪ್ಟನ್, "ಹಾರಾಟದ ನಡುವೆ ಬಿಡಲು ಹೋಗಬೇಡಪ್ಪಾ, ಸೇದುವುದಕ್ಕಿಂತ ಅದೇ ಅಪಾಯ" ಎಂದರು. ಬೇರೆ ಉದ್ಯೋಗದಲ್ಲಿರುವ ಗೆಳೆಯನೊಬ್ಬ ಮಾತ್ರೆ ನುಂಗಿ ಬಿಟ್ಟಿದ್ದಾನೆ. ಅದನ್ನು ನಾನು ತೆಗೆದುಕೊಳ್ಳಬಹುದೇ? ಪರವಾನಗಿಗಾಗಿ ಮಾಡಿಸುವ ಆರೋಗ್ಯ ತಪಾಸಣೆ, ಅಂದರೆ ಮೆಡಿಕಲ್‌ನಲ್ಲಿ ಇದನ್ನೆಲ್ಲ ಹೇಳಿಕೊಂಡರೆ ಕೆಲಸಕ್ಕೆ ಕುತ್ತು ಬರುವುದೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಕ್ಯಾಪ್ಟನ್ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಹಾಗಾಗಿ ಅದನ್ನು ತಳ್ಳಿಹಾಕುವುದೂ ಕಷ್ಟ, ನಂಬಿಕೊಂಡು ಕೂರುವುದೂ ತಪ್ಪು. ನಿಕೋಟಿನ್ ಅಭ್ಯಾಸವಾದ ಮಿದುಳಿಗೆ ಅದು ಸಿಗದೇ ಹೋದಾಗ ಏಕಾಗ್ರತೆ ಕುಂದುತ್ತದೆ, ಸಿಡಿಮಿಡಿ ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ. ಧೂಮಪಾನಿಗಳಾದ ಚಾಲಕರನ್ನು ಹನ್ನೆರಡು ಗಂಟೆ ಸಿಗರೇಟಿಲ್ಲದೆ ಇರಿಸಿ ನಡೆಸಿದ, 2003ರಲ್ಲಿ ಪ್ರಕಟವಾದ ಗ್ರೀಸಿನ ಅಧ್ಯಯನವೊಂದರಲ್ಲಿ ಅವರು ಹೇಳಿಕೊಂಡಿದ್ದು ಇವನ್ನೇ: ಚಡಪಡಿಕೆ, ದಣಿವು, ಗಮನ ನಿಲ್ಲದಿರುವುದು. ಅಮೆರಿಕದಲ್ಲಿ 1990ರಲ್ಲಿ ಬಹುತೇಕ ಎಲ್ಲ ದೇಶೀಯ ವಿಮಾನಗಳಲ್ಲಿ ಪ್ರಯಾಣಿಕರ ಧೂಮಪಾನವನ್ನು ನಿಷೇಧಿಸಿದಾಗ ಕಾಕ್‌ಪಿಟ್ಟನ್ನು ಹೊರಗಿಟ್ಟದ್ದಕ್ಕೂ ಇದೇ ಅಂಜಿಕೆ ಕಾರಣವಾಗಿತ್ತು. ಆ ವಿನಾಯಿತಿ ಈಗ ಇತಿಹಾಸ. ಆದರೆ ಅದರ ಹಿಂದಿದ್ದ ತರ್ಕ ಹಿರಿಯ ಚಾಲಕರ ಮಾತಿನಲ್ಲಿ ಇನ್ನೂ ಉಳಿದುಕೊಂಡಿದೆ.

ಆ ತರ್ಕ ಎಡವುವುದು ಎಲ್ಲಿ ಎಂಬುದನ್ನು ನೋಡಿ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ನೀವು ಮನೆ ಬಿಟ್ಟು, ಭದ್ರತಾ ತಪಾಸಣೆ ದಾಟಿ, ಉಸಿರಿನಲ್ಲಿ ಮದ್ಯ ಪತ್ತೆಹಚ್ಚುವ ಬ್ರೀಥ್‌ಲೈಜರ್ ಪರೀಕ್ಷೆ ಮುಗಿಸಿ, ಬ್ರೀಫಿಂಗ್ ಕೇಳಿ, ಎರಡು ಸೆಕ್ಟರ್ ಹಾರುವಷ್ಟರಲ್ಲಿ ಅದು ಎರಡು ಮೂರು ಸಲ ಅರ್ಧವಾಗಿರುತ್ತದೆ. ಅಂದರೆ ಸಿಗರೇಟು ಬಿಡದಿರುವ ನೀವು ಬಿಟ್ಟವರ ಕಷ್ಟವನ್ನು ಸಣ್ಣ ಪ್ರಮಾಣದಲ್ಲಿ ಪ್ರತಿ ಡ್ಯೂಟಿಯಲ್ಲೂ ಅನುಭವಿಸುತ್ತಿದ್ದೀರಿ, ಅದೂ ಹೆಚ್ಚಾಗಿ ದಿನದ ಕೊನೆಯ ಇಳಿತದ ಹೊತ್ತಿಗೆ. ಸೇದಿದಾಗ ಮನಸ್ಸು ಚುರುಕಾಯಿತೆಂದು ಅನ್ನಿಸುವುದರಲ್ಲಿ ಹೆಚ್ಚಿನ ಪಾಲು ಈ ಕೊರತೆ ತುಂಬಿಕೊಂಡದ್ದರ ಸಮಾಧಾನವೇ ಹೊರತು ಹೊಸ ಚುರುಕಲ್ಲ. ಬಿಟ್ಟವರಿಗೆ ಈ ಕಷ್ಟ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಬಿಡದವರಿಗೆ ವೃತ್ತಿ ಇರುವಷ್ಟು ಕಾಲವೂ ಮುಗಿಯುವುದಿಲ್ಲ.

ಕೊರತೆಯ ಲೆಕ್ಕ ಹೀಗಾದರೆ ಹೊಗೆಯ ಲೆಕ್ಕ ಬೇರೆಯೇ ಇದೆ. ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಅಂಟಿಕೊಳ್ಳುತ್ತದೆ. ಸೇದದವರಲ್ಲಿ ಹೀಗೆ ಕೆಟ್ಟುಹೋದ ಹಿಮೋಗ್ಲೋಬಿನ್ ಶೇಕಡಾ 1ರಿಂದ 2ರೊಳಗೆ ಇರುತ್ತದೆ. ಸೇದುವವರಲ್ಲಿ ಅದು ಸಾಮಾನ್ಯವಾಗಿ 3ರಿಂದ 10ರವರೆಗೂ ಹೋಗುತ್ತದೆ. ನೀವು ಹಾರುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ಸಮುದ್ರಮಟ್ಟದ್ದಲ್ಲ, 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಂಥದ್ದು. ಆ ಎತ್ತರಕ್ಕೆ ನಿಮ್ಮ ದೇಹ ಇನ್ನೂ ಒಂದಿಷ್ಟು ಸಾವಿರ ಅಡಿಯನ್ನು ತಾನಾಗಿಯೇ ಸೇರಿಸಿಕೊಂಡು ಕುಳಿತಿರುತ್ತದೆ. ಕೋವಿಡ್ ಕಾಲದಿಂದ ಹಲವರ ಬ್ಯಾಗಿನಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆ. ಅದು ಇಲ್ಲಿ ಸಾಕ್ಷಿಗೆ ಬರುವುದಿಲ್ಲ, ಏಕೆಂದರೆ ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ. ಅದು 97 ಎಂದು ತೋರಿಸಿದರೆ ಸೇದುವವರು ನೆಮ್ಮದಿಪಟ್ಟುಕೊಳ್ಳಬೇಕಾಗಿಲ್ಲ. ಇದರಲ್ಲಿ ಒಂದು ಸಂತೋಷದ ಸಂಗತಿಯೂ ಇದೆ. ಈ ಅನಿಲ ನಾಲ್ಕೈದು ಗಂಟೆಗೊಮ್ಮೆ ಅರ್ಧವಾಗುವುದರಿಂದ, ಸಿಗರೇಟು ಬಿಟ್ಟ ಒಂದೆರಡು ದಿನಗಳಲ್ಲಿಯೇ ರಕ್ತ ಸೇದದವರ ಮಟ್ಟಕ್ಕೆ ಬರುತ್ತದೆ. ಮೂರನೆಯ ದಿನ ನಿಮಗೆ ಗಮನ ತಪ್ಪಿತೆಂದು ಅನ್ನಿಸಿದಾಗ ನಿಮ್ಮ ರಕ್ತ ಎಷ್ಟೋ ವರ್ಷಗಳಲ್ಲೇ ಉತ್ತಮ ಸ್ಥಿತಿಯಲ್ಲಿತ್ತು. ತಕರಾರು ಮಾಡುತ್ತಿದ್ದುದು ಮಿದುಳು ಮಾತ್ರ.

ಹಾಗಾದರೆ ಬಿಡುವುದು ಹೇಗೆ? ಡ್ಯೂಟಿಯ ಸರದಿ (ರೋಸ್ಟರ್) ನಡುವೆ ಬಿಡಬೇಡಿ, ರಜೆಯ ಮೊದಲ ದಿನ ಬಿಡಿ. ನಿಕೋಟಿನ್ ಕೊರತೆಯ ಲಕ್ಷಣಗಳು ಎರಡು ಮೂರನೆಯ ದಿನ ತುತ್ತತುದಿಗೆ ಹೋಗುತ್ತವೆ, ಮೊದಲ ವಾರ ಬಿರುಸಾಗಿರುತ್ತವೆ, ಎರಡರಿಂದ ನಾಲ್ಕು ವಾರಗಳಲ್ಲಿ ಬಹುತೇಕ ಇಳಿಯುತ್ತವೆ. ನಿಮ್ಮ ವಾರ್ಷಿಕ ರಜೆಯಲ್ಲಿ ಹತ್ತು ಹದಿನಾಲ್ಕು ದಿನಗಳನ್ನು ಒಟ್ಟಿಗೆ ಇದಕ್ಕಾಗಿಯೇ ತೆಗೆದಿಡಿ. ಮದುವೆ ಮುಂಜಿಗಳಿರುವ, ನೆಂಟರಿಷ್ಟರು ಸೇರಿ ಹಿಂದಿನ ಬಾಗಿಲಲ್ಲಿ ಗುಂಪಾಗಿ ಹೊಗೆ ಬಿಡುವ ರಜೆಯಾಗಿರದಿದ್ದರೆ ಒಳ್ಳೆಯದು. ರಜೆ ಮುಗಿದ ಮೇಲೂ ನಿದ್ದೆ ಸರಿಯಿಲ್ಲ, ಮನಸ್ಸು ನಿಲ್ಲುತ್ತಿಲ್ಲ ಎಂದು ಅನ್ನಿಸಿದರೆ, ಜ್ವರ ಬಂದಾಗ ಏನು ಮಾಡುತ್ತೀರೋ ಅದನ್ನೇ ಮಾಡಿ: ಹಾರಲು ಯೋಗ್ಯನಿಲ್ಲವೆಂದು ತಿಳಿಸಿ ಡ್ಯೂಟಿಯಿಂದ ಹಿಂದೆ ಸರಿಯಿರಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮಾತ್ರೆಯ ವಿಚಾರದಲ್ಲಿ ನಿಮ್ಮ ಗೆಳೆಯನ ದಾರಿ ನಿಮಗೆ ಆಗಿಬರುವುದಿಲ್ಲ. ಸಿಗರೇಟು ಬಿಡಿಸಲು ಬಳಸುವ ಮಾತ್ರೆಗಳು ಮುಖ್ಯವಾಗಿ ಎರಡು. ವರೆನಿಕ್ಲಿನ್ ನೆಲದ ಮೇಲಿರುವವರಿಗೆ ಬಹಳ ಪರಿಣಾಮಕಾರಿ. ಆದರೆ ಮನಸ್ಸು ಮತ್ತು ಎಚ್ಚರದ ಮೇಲೆ ಅದರಿಂದ ಆಗಬಹುದಾದ ಪರಿಣಾಮಗಳ ವರದಿಗಳು ಬಂದ ಮೇಲೆ ಅಮೆರಿಕದ ವಿಮಾನಯಾನ ಆಡಳಿತ 2008ರಲ್ಲಿ ಚಾಲಕರಿಗೂ ವಾಯುಸಂಚಾರ ನಿಯಂತ್ರಕರಿಗೂ ಅದನ್ನು ನಿಷೇಧಿಸಿತು. 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ಆ ಭಯ ಉತ್ಪ್ರೇಕ್ಷೆಯದ್ದೆಂದು ತೋರಿಸಿ, ಅಲ್ಲಿನ ಔಷಧ ನಿಯಂತ್ರಕರು ಡಬ್ಬಿಯ ಮೇಲಿನ ಕಟು ಎಚ್ಚರಿಕೆಯನ್ನು ತೆಗೆಸಿದ್ದು ನಿಜ. ಆದರೂ ವಾಂತಿ ಬರುವಂತಾಗುವುದು, ವಿಚಿತ್ರ ಕನಸುಗಳು ಬಿದ್ದು ನಿದ್ದೆ ಕೆಡುವುದು ಈಗಲೂ ಅದರ ಸಾಮಾನ್ಯ ತೊಂದರೆಗಳೇ ಆಗಿವೆ. ಎರಡನೆಯದಾದ ಬ್ಯುಪ್ರೊಪಿಯಾನ್, ಅಪರೂಪಕ್ಕೆ ಫಿಟ್ಸ್ ತರಬಲ್ಲದು. ಕಾಕ್‌ಪಿಟ್ಟಿನಲ್ಲಿ "ಅಪರೂಪಕ್ಕೆ" ಎನ್ನುವ ಮಾತಿಗೆ ಬೆಲೆಯಿಲ್ಲ. ಈ ಎರಡರಲ್ಲಿ ಯಾವುದನ್ನೇ ಆಗಲಿ, ನಿಮ್ಮ ಮೆಡಿಕಲ್ ಮಾಡುವ ವಿಮಾನಯಾನ ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ಮುಟ್ಟಬೇಡಿ. ಬೇರೊಬ್ಬ ವೈದ್ಯರು, ಅವರು ಎಷ್ಟೇ ದೊಡ್ಡವರಾಗಿರಲಿ, ಬರೆದುಕೊಟ್ಟ ಚೀಟಿ ಇಲ್ಲಿ ಸಾಲದು.

ನಿಮಗೆ ಸೂಕ್ತವಾದದ್ದು ನಿಕೋಟಿನ್ನನ್ನೇ ಹೊಗೆಯಿಲ್ಲದೆ ಕೊಟ್ಟು ನಿಧಾನವಾಗಿ ಇಳಿಸುವ ಕ್ರಮ, ಎಂದರೆ ಚರ್ಮಕ್ಕೆ ಅಂಟಿಸುವ ಪ್ಯಾಚ್ ಮತ್ತು ಅಗಿಯುವ ಗಮ್. ಇವುಗಳಿಂದ ಬಿಡುವವರ ಯಶಸ್ಸು ಬರಿಯ ಮನೋಬಲದಿಂದ ಬಿಡುವವರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚೆಂದು ನೂರಾರು ಪ್ರಯೋಗಗಳು ತೋರಿಸಿವೆ. ಎರಡನ್ನೂ ಸೇರಿಸಿ ಬಳಸಿದರೆ ಒಂದನ್ನೇ ಬಳಸುವುದಕ್ಕಿಂತ ಮೇಲು. ಮಾತ್ರೆಗಳನ್ನು ನಿಷೇಧಿಸಿರುವ ಅಮೆರಿಕದ ಆಡಳಿತವೂ ಅಡ್ಡಪರಿಣಾಮಗಳಿಲ್ಲದಿದ್ದರೆ ಇವನ್ನು ಒಪ್ಪುತ್ತದೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ ಸಾಮಾನ್ಯವಾಗಿ 21 ಮಿಲಿಗ್ರಾಂ ಪ್ಯಾಚಿನಿಂದ ಶುರುಮಾಡಿ, ಆರು ವಾರಗಳ ಬಳಿಕ 14ಕ್ಕೆ, ಆಮೇಲೆ 7ಕ್ಕೆ ಇಳಿಸುತ್ತಾರೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೆನ್ನುವ ನಿಮ್ಮಂಥವರಿಗೆ 4 ಮಿಲಿಗ್ರಾಂ ಗಮ್ ಸರಿಹೋಗುತ್ತದೆ. ಗಮ್ಮನ್ನು ಮಾಮೂಲಿ ಚೂಯಿಂಗ್ ಗಮ್ಮಿನಂತೆ ಅಗಿದು ನುಂಗುತ್ತ ಹೋದರೆ ಹೊಟ್ಟೆ ತೊಳಸುತ್ತದೆ, ಬಿಕ್ಕಳಿಕೆ ಬರುತ್ತದೆ. ನಾಲಗೆಗೆ ಖಾರವೆನಿಸುವವರೆಗೆ ನಿಧಾನವಾಗಿ ಅಗಿದು, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಂಡು, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಕಾಫಿ ಕುಡಿದ ಕೂಡಲೇ ಬಾಯಿಗೆ ಹಾಕಿಕೊಂಡರೆ ಅದು ಕೆಲಸ ಮಾಡುವುದಿಲ್ಲ. ಕಾಲು ಗಂಟೆಯಾದರೂ ಬಿಡಬೇಕು. ಮೊದಲ ಪ್ಯಾಚನ್ನು ರಜೆಯಲ್ಲಿಯೇ ಹಚ್ಚಿ ನೋಡಿ. ರಾತ್ರಿ ಅದರಿಂದ ನಿದ್ದೆ ಕೆಡುವುದಾದರೆ ಮಲಗುವಾಗ ತೆಗೆದುಬಿಡಿ. ನಿಮ್ಮ ದೇಹ ಅದನ್ನು ಹೇಗೆ ಸ್ವೀಕರಿಸುತ್ತದೆಂಬುದು ಗೊತ್ತಾದ ಮೇಲಷ್ಟೇ ಅದರೊಂದಿಗೆ ವಿಮಾನ ಹತ್ತಿ. ವಿದೇಶಗಳಲ್ಲಿ ಸಿಗುವ ಬಾಯಿಗೆ ಸಿಂಪಡಿಸುವ ನಿಕೋಟಿನ್ ಸ್ಪ್ರೇ ಬೇಡ. ಅದರಲ್ಲಿ ಸ್ವಲ್ಪ ಆಲ್ಕೋಹಾಲ್ ಇರುತ್ತದೆ, ನಮ್ಮ ಬ್ರೀಥ್‌ಲೈಜರ್ ನಿಯಮವೋ ಸೊನ್ನೆಯದು.

ಕಾಫಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು, ಏಕೆಂದರೆ ಬಹಳ ವೈದ್ಯರೂ ಹೇಳುವುದನ್ನು ಮರೆಯುತ್ತಾರೆ. ತಂಬಾಕಿನ ಹೊಗೆಯಲ್ಲಿರುವ ಟಾರಿನಂಥ ವಸ್ತುಗಳು ಯಕೃತ್ತಿನ ಒಂದು ಕಿಣ್ವವನ್ನು ಕೆರಳಿಸಿ, ಕೆಫೀನ್ ದೇಹದಿಂದ ಬೇಗ ಹೊರಹೋಗುವಂತೆ ಮಾಡುತ್ತವೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ಕಿಣ್ವ ತಣ್ಣಗಾಗುತ್ತದೆ. ಆಗ ಅದೇ ಎರಡು ಲೋಟ ಫಿಲ್ಟರ್ ಕಾಫಿ ರಕ್ತದಲ್ಲಿ ಹೆಚ್ಚುಕಡಿಮೆ ಇಮ್ಮಡಿ ಹೊತ್ತು ನಿಲ್ಲುತ್ತದೆ. ಪ್ಯಾಚ್ ಹಚ್ಚಿಕೊಂಡರೂ ಇದು ತಪ್ಪುವುದಿಲ್ಲ, ಏಕೆಂದರೆ ಆ ಕೆಲಸ ಮಾಡುತ್ತಿದ್ದುದು ನಿಕೋಟಿನ್ ಅಲ್ಲ, ಹೊಗೆ. ಬಿಟ್ಟವರಿಗೆ ಎದೆ ಢವಗುಟ್ಟಿ ಕೈ ಸಣ್ಣಗೆ ನಡುಗುವುದು, ನಸುಕಿನ ಡ್ಯೂಟಿಯಿದ್ದರೂ ಮಧ್ಯರಾತ್ರಿಯವರೆಗೆ ಕಣ್ಣು ಮುಚ್ಚದಿರುವುದು ಎಷ್ಟೋ ಸಲ ಸಿಗರೇಟಿನ ಕೊರತೆಯಿಂದಲ್ಲ, ಕಾಫಿಯ ಹೆಚ್ಚಳದಿಂದ. ಬಿಡುವ ದಿನದಿಂದಲೇ ಕಾಫಿಯನ್ನು ಅರ್ಧಕ್ಕಿಳಿಸಿ, ಮಧ್ಯಾಹ್ನದ ನಂತರ ಬೇಡವೆನ್ನಿ.

ಇನ್ನು ಮೆಡಿಕಲ್. ಸಿಗರೇಟು ಸೇದುತ್ತೀರಿ ಎಂಬ ಒಂದೇ ಕಾರಣಕ್ಕೆ ಪರವಾನಗಿ ಹೋಗುವುದಿಲ್ಲ. ಬಿಡುತ್ತಿದ್ದೇನೆ ಎಂದದ್ದಕ್ಕೆ ಹೋಗುವುದಂತೂ ಇಲ್ಲ. ತೊಂದರೆ ಬರುವುದು ಮುಚ್ಚಿಟ್ಟಾಗ. 2018ರ ಮಾರ್ಚ್ 12ರಂದು ಕಠ್ಮಂಡುವಿನಲ್ಲಿ ಢಾಕಾದಿಂದ ಬಂದ ಯುಎಸ್-ಬಾಂಗ್ಲಾ ಸಂಸ್ಥೆಯ ವಿಮಾನ ಬಿದ್ದು, ಅದರಲ್ಲಿದ್ದ 71 ಮಂದಿಯಲ್ಲಿ 51 ಮಂದಿ ಸತ್ತರು. ತೀವ್ರ ಮಾನಸಿಕ ಒತ್ತಡದಲ್ಲಿದ್ದ ಕ್ಯಾಪ್ಟನ್ ದಿಕ್ಕಿನ ಅರಿವನ್ನೇ ಕಳೆದುಕೊಂಡದ್ದು ಕಾರಣವೆಂದು ನೇಪಾಳದ ತನಿಖೆ ಹೇಳಿತು. ಅವರು ಆ ಹಾರಾಟದಲ್ಲಿ ಕಾಕ್‌ಪಿಟ್ಟಿನೊಳಗೇ ಸಿಗರೇಟು ಸೇದಿದ್ದನ್ನೂ ಆ ವರದಿ ದಾಖಲಿಸಿದೆ. ಅಪಘಾತಕ್ಕೆ ಸಿಗರೇಟೇ ಕಾರಣವೆಂದು ನಾನು ಹೇಳುತ್ತಿಲ್ಲ. ಒತ್ತಡವನ್ನೂ ಚಟವನ್ನೂ ಯಾರಿಗೂ ಹೇಳದೆ ಇಬ್ಬರಷ್ಟೇ ಕೂರುವ ಜಾಗಕ್ಕೆ ಹೊತ್ತೊಯ್ದರೆ, ಅದನ್ನು ಗಮನಿಸಿ ತಡೆಯುವವರು ಯಾರೂ ಇರುವುದಿಲ್ಲ. ನೀವು ಬೆಂಗಳೂರಿನಲ್ಲೇ ಇದ್ದೀರಿ. ನಿಮ್ಹಾನ್ಸ್‌ನಲ್ಲಿ ತಂಬಾಕು ಬಿಡಿಸುವ ಚಿಕಿತ್ಸೆ ಇದೆ. ಕೇಂದ್ರ ಆರೋಗ್ಯ ಇಲಾಖೆಯ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತನಾಡುತ್ತಾರೆ. ರಜೆಗೆ ಎರಡು ವಾರ ಮೊದಲೇ ಹೋಗಿ ಬನ್ನಿ. ಮೊದಲ ವರ್ಷದಲ್ಲಿ ನಾಲ್ಕೈದು ಕಿಲೊ ತೂಕ ಏರಬಹುದು. ಮುಂದಿನ ಮೆಡಿಕಲ್‌ನ ತೂಕದ ಚಿಂತೆಯಿದ್ದರೆ ಮೊದಲೇ ಊಟದ ಕಡೆ ಗಮನವಿರಲಿ, ಆದರೆ ಅದನ್ನೇ ನೆಪ ಮಾಡಿಕೊಂಡು ಮತ್ತೆ ಹಚ್ಚಬೇಡಿ.

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನ್ನ ಮಗನಿಗೆ 20 ವರ್ಷ, ಪೈಲಟ್ ತರಬೇತಿಯಲ್ಲಿದ್ದಾನೆ. ಉದ್ದಕ್ಕೆ, ಸಣಕಲು ಹುಡುಗ. ಸಿಗರೇಟು ಸೇದುತ್ತಾನೆಂದು ಈಚೆಗೆ ತಿಳಿಯಿತು. ಕೇಳಿದರೆ, "ಅಮ್ಮಾ, ಕ್ಲಾಸ್ ಒನ್ ಮೆಡಿಕಲ್ ಪಾಸಾಗಿದ್ದೇನೆ, ಎಕ್ಸ್‌ರೇ, ಇಸಿಜಿ ಎಲ್ಲ ನಾರ್ಮಲ್" ಎನ್ನುತ್ತಾನೆ. ಏನು ಹೇಳಿದರೆ ಅವನಿಗೆ ನಾಟುತ್ತದೆ?
— ಒಬ್ಬ ತಾಯಿ, ಮೈಸೂರು

ಉತ್ತರ: ಅಮ್ಮಾ, ಇಪ್ಪತ್ತರ ಹುಡುಗನಿಗೆ ಐವತ್ತರಲ್ಲಿ ಬರುವ ಕ್ಯಾನ್ಸರಿನ ಮಾತು ನಾಟುವುದಿಲ್ಲ. ಈ ವರ್ಷವೇ ಹಾರಾಟ ತಪ್ಪಿಸಬಲ್ಲ ಎರಡು ಸಂಗತಿಗಳನ್ನು ಹೇಳಿ ನೋಡಿ. ಎತ್ತರಕ್ಕೆ, ತೆಳ್ಳಗೆ ಇರುವ ಹರೆಯದ ಗಂಡಸರಲ್ಲಿ ಶ್ವಾಸಕೋಶದ ಮೇಲ್ತುದಿಯ ಸಣ್ಣ ಗುಳ್ಳೆಯೊಂದು ಒಡೆದು, ಗಾಳಿ ಎದೆಗೂಡಿನೊಳಗೆ ಸೋರಿ, ಶ್ವಾಸಕೋಶವೇ ಕುಸಿಯುವ ಕಾಯಿಲೆಯೊಂದಿದೆ. ಸೇದುವ ಗಂಡಸರಲ್ಲಿ ಇದು ಸೇದದವರಿಗಿಂತ ಹತ್ತಾರು ಪಟ್ಟು ಹೆಚ್ಚು. ಒಡೆಯುವವರೆಗೆ ಆ ಗುಳ್ಳೆ ಮಾಮೂಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. 8,000 ಅಡಿಗೆ ಏರಿದಾಗ ಮುಚ್ಚಿದ ಜಾಗದಲ್ಲಿರುವ ಗಾಳಿ ಸುಮಾರು ಮೂರನೆಯ ಒಂದು ಪಾಲಿನಷ್ಟು ಹಿಗ್ಗುವುದರಿಂದ, ಚಾಲಕನಿಗೆ ಇದು ಆಕಾಶದಲ್ಲಿಯೇ ಸಂಕಟ ತರಬಲ್ಲದು. ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವವೂ ಹೆಚ್ಚು. ಹಾಗಾಗಿ ಪರವಾನಗಿ ಅಧಿಕಾರಿಗಳು ಅಂಥವರನ್ನು ಬಹಳ ಕಾಲ ನೆಲದಲ್ಲೇ ಕೂರಿಸುತ್ತಾರೆ. ಎಷ್ಟೋ ಸಲ ಶಸ್ತ್ರಚಿಕಿತ್ಸೆ ಆಗುವವರೆಗೂ ಬಿಡುವುದಿಲ್ಲ. ತರಬೇತಿಗೆ ಲಕ್ಷಗಟ್ಟಲೆ ಸಾಲ ಮಾಡಿದ ಮನೆಗೆ ಇದು ಅರ್ಥವಾಗುವ ಮಾತು.

ಎರಡನೆಯದು ರಾತ್ರಿ ಹಾರಾಟ, ಅವನ ತರಬೇತಿಯಲ್ಲೂ ಇದು ಬರುತ್ತದೆ. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳು ಆಮ್ಲಜನಕದ ಕೊರತೆಗೆ ಮಿಕ್ಕ ಅಂಗಗಳಿಗಿಂತ ಮೊದಲು ಸೋಲುತ್ತವೆ. ಸುಮಾರು 5,000 ಅಡಿಯಿಂದಲೇ ಇದು ಶುರುವಾಗುತ್ತದೆಂದು ಅವನ ಪುಸ್ತಕದಲ್ಲಿಯೇ ಇದೆ. ಸೇದುವವನಿಗೆ ಆ ಸೋಲು ಇನ್ನೂ ಕೆಳಗಿನಿಂದಲೇ ತೊಡಗುತ್ತದೆ. ಮೆಡಿಕಲ್ ಪಾಸಾದದ್ದು ಆ ದಿನದ ಮಟ್ಟಿಗೆ ರೋಗವಿಲ್ಲವೆಂಬುದಕ್ಕೆ ಪ್ರಮಾಣಪತ್ರವಷ್ಟೇ. ಇದನ್ನು ಗದರಿ ಹೇಳುವುದಕ್ಕಿಂತ ಅವನ ಬೋಧಕರ ಬಾಯಿಂದ ಹೇಳಿಸಿದರೆ ಮೇಲೆಂದು ನನಗನ್ನಿಸುತ್ತದೆ. ಈ ವಯಸ್ಸಿನವರಿಗೆ ಮನೆಯವರಿಗಿಂತ ಪಕ್ಕದ ಸೀಟಿನವರ ಮಾತು ಹಿಡಿಸುತ್ತದೆ.

ಪ್ರಶ್ನೆ: ನಾನು ಕೊಲ್ಲಿ ದೇಶವೊಂದರ ಸಂಸ್ಥೆಯಲ್ಲಿ ದೂರ ಹಾರಾಟದ ಕ್ಯಾಪ್ಟನ್, ವಯಸ್ಸು 52, ಮೂಲತಃ ಮಂಗಳೂರಿನವನು. ಹದಿನಾಲ್ಕು ಗಂಟೆಯ ಹಾರಾಟದಲ್ಲಿ ಒಂದೂ ಸಿಗರೇಟಿಲ್ಲದೆ ಆರಾಮವಾಗಿರುತ್ತೇನೆ. ಲೇಓವರ್‌ನಲ್ಲಿ ಹೋಟೆಲಿಗೆ ಬಂದ ಮೇಲೆ ಮಾತ್ರ ಬೇಕು. ಹಾಗಾದರೆ ನನಗೆ ಚಟವಿಲ್ಲವೆಂದಲ್ಲವೇ? ಈಚೆಗೆ ಇ-ಸಿಗರೇಟಿಗೆ ಬದಲಿಸಬೇಕೆಂದೂ ಇದೆ.
— ಓದುಗರೊಬ್ಬರು, ದೋಹಾ

ಉತ್ತರ: ಕ್ಯಾಪ್ಟನ್, ಈ ಪ್ರಶ್ನೆಯನ್ನು ಬಹುಮಟ್ಟಿಗೆ ವಿಮಾನದಲ್ಲಿಯೇ ಪರೀಕ್ಷಿಸಿದ್ದಾರೆ. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇದುವ ಗಗನಸಖಿಯರೂ ಸಹಾಯಕರೂ ಚಿಕ್ಕ ಹಾರಾಟದಲ್ಲಿಯೂ ದೊಡ್ಡ ಹಾರಾಟದಲ್ಲಿಯೂ ತಮಗೆ ಎಷ್ಟು ತಲಬು ಎಂಬುದನ್ನು ಗುರುತಿಸಿಕೊಳ್ಳುತ್ತ ಹೋದರು. ಎಷ್ಟು ಹೊತ್ತು ಸೇದಿಲ್ಲ ಎಂಬುದಕ್ಕಿಂತ ಇಳಿಯಲು ಎಷ್ಟು ಹೊತ್ತಿದೆ ಎಂಬುದೇ ತಲಬನ್ನು ಹೆಚ್ಚಾಗಿ ನಿರ್ಧರಿಸಿತು. ನಾಲ್ಕು ಗಂಟೆಯ ಹಾರಾಟದ ಕೊನೆಯಲ್ಲಿ ಏರುತ್ತಿದ್ದ ಆಸೆ, ಹತ್ತು ಗಂಟೆಯ ಹಾರಾಟದ ಅದೇ ನಾಲ್ಕನೆಯ ಗಂಟೆಯಲ್ಲಿ ಸುಮ್ಮನಿರುತ್ತಿತ್ತು. ಆದ್ದರಿಂದ ನಿಮ್ಮ ಹದಿನಾಲ್ಕು ಗಂಟೆಗಳಿಂದ ಚಟವಿಲ್ಲವೆಂದು ತೀರ್ಮಾನಿಸಲಾಗದು. ಸಿಗರೇಟು ಸಾಧ್ಯವೇ ಇಲ್ಲವೆಂದು ಮನಸ್ಸು ಒಪ್ಪಿಕೊಂಡ ಕಡೆ ಅದು ಕಾಡುವುದಿಲ್ಲ ಎಂದಷ್ಟೇ ತಿಳಿಯುತ್ತದೆ. ಇದು ನಿಮಗೆ ಅನುಕೂಲದ ವಿಷಯವೇ. ನಿಮ್ಮ ಕಷ್ಟವಿರುವುದು ಹೋಟೆಲಿನ ಬಾಲ್ಕನಿ, ಸಿಬ್ಬಂದಿಯ ಬಸ್ಸು ಇಳಿದ ಜಾಗ, ಜೊತೆಗಾರರ ಗುಂಪು, ಇಷ್ಟರಲ್ಲಿ. ಧೂಮಪಾನವಿಲ್ಲದ ಕೋಣೆಯನ್ನೇ ಕೇಳಿ ಪಡೆಯಿರಿ. ಇಳಿದ ಮೊದಲ ಒಂದು ಗಂಟೆಗೆ ಸ್ನಾನ, ನಡಿಗೆ, ಮನೆಗೆ ಫೋನು ಎಂದು ಬೇರೆ ಕ್ರಮ ಹಾಕಿಕೊಳ್ಳಿ. ಬೇಕಾದರೆ ಇಳಿತಕ್ಕೆ ಬಹಳ ಮೊದಲು, ಮೇಲೆ ಸಮನಾಗಿ ಹಾರುತ್ತ ಕ್ರೂಸ್‌ನಲ್ಲಿರುವಾಗಲೇ ಒಂದು ಗಮ್ ಮುಗಿಸಿಕೊಳ್ಳಿ.

ಇ-ಸಿಗರೇಟಿನ ಬಗ್ಗೆ ನನ್ನದು ಖಡಾಖಂಡಿತ ಬೇಡ. ಸುಡುವ ಸಿಗರೇಟಿಗಿಂತ ಅದರಲ್ಲಿ ವಿಷ ಕಡಿಮೆಯೆಂಬ ವಾದ ನನಗೆ ಗೊತ್ತು, ಅದರಲ್ಲಿ ಹುರುಳೂ ಇದೆ. ಆದರೆ ಅದರ ವಾಸನೆ ಅಷ್ಟಾಗಿ ನಿಲ್ಲುವುದಿಲ್ಲ, ಜೇಬಿನಲ್ಲೇ ಇರುತ್ತದೆ. ಹೀಗಾಗಿ ಸಿಗರೇಟು ಅಸಾಧ್ಯವಾಗಿದ್ದ ಜಾಗವನ್ನೂ ಅದು ಸಾಧ್ಯವೆನ್ನಿಸುತ್ತದೆ. 2018ರ ಜುಲೈ 10ರಂದು ಹಾಂಗ್‌ಕಾಂಗ್‌ನಿಂದ ದಾಲಿಯನ್‌ಗೆ ಹೊರಟ ಏರ್ ಚೈನಾ ವಿಮಾನದ ಸಹ ಚಾಲಕ ಕಾಕ್‌ಪಿಟ್ಟಿನಲ್ಲಿ ಇ-ಸಿಗರೇಟು ಸೇದಿದ. ಆವಿ ಪ್ರಯಾಣಿಕರ ಕಡೆ ಹೋಗಬಾರದೆಂದು, ಕ್ಯಾಪ್ಟನ್ನನಿಗೆ ಹೇಳದೆ, ಗಾಳಿ ಮರುಬಳಕೆಯ ಫ್ಯಾನನ್ನು ನಿಲ್ಲಿಸಲು ಹೋಗಿ ಹವಾನಿಯಂತ್ರಣವನ್ನೇ ನಿಲ್ಲಿಸಿದ. ಕ್ಯಾಬಿನ್ನಿನ ಒತ್ತಡ ಕುಸಿದು, ಆಮ್ಲಜನಕದ ಮುಖವಾಡಗಳು ಇಳಿಬಿದ್ದು, ವಿಮಾನವನ್ನು ತುರ್ತಾಗಿ 10,000 ಅಡಿಗೆ ಇಳಿಸಬೇಕಾಯಿತು. ಒಳಗೆ 153 ಪ್ರಯಾಣಿಕರಿದ್ದರು, ಯಾರಿಗೂ ಪೆಟ್ಟಾಗಲಿಲ್ಲ. ಚಾಲಕನ ಕೆಲಸ ಹೋಯಿತು.

ಭಾರತದ ಕಾನೂನೂ ಇದಕ್ಕೆ ಅಡ್ಡವಿದೆ. 2019ರಿಂದ ಇಲ್ಲಿ ಇ-ಸಿಗರೇಟಿನ ತಯಾರಿಕೆ, ಮಾರಾಟ, ಆಮದು ಎಲ್ಲವೂ ನಿಷಿದ್ಧ. ಮಂಗಳೂರಿಗೆ ರಜೆಗೆ ಬರುವಾಗ ಅದು ಚೀಲದಲ್ಲಿ ಸಿಕ್ಕಿದರೆ ಕ್ಯಾಪ್ಟನ್ನರ ಸಮವಸ್ತ್ರ ಸಹಾಯಕ್ಕೆ ಬಾರದು. ತುಟಿಯೊಳಗೆ ಇಟ್ಟುಕೊಳ್ಳುವ, ಹೊಗೆಯಿಲ್ಲದ ನಿಕೋಟಿನ್ ಪೌಚುಗಳು ಈಗ ಹಲವು ವಿಮಾನ ನಿಲ್ದಾಣಗಳಲ್ಲಿ ಸಿಗುತ್ತವೆ, ಅವುಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಇಲ್ಲವೆಂಬುದೂ ಸರಿಯೇ. ಆದರೆ ಗಮ್ ಮತ್ತು ಪ್ಯಾಚುಗಳಂತೆ ಇಳಿಸುತ್ತ ಹೋಗಿ ನಿಲ್ಲಿಸುವ ಚಿಕಿತ್ಸೆಯಾಗಿ ಅವನ್ನು ರೂಪಿಸಿಲ್ಲ. ಹಾಗಾಗಿ ಅವುಗಳಿಂದ ಚಟ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತದೆ, ಅಷ್ಟೇ.

52ರಲ್ಲಿ ನಿಮ್ಮ ಮೆಡಿಕಲ್‌ಗೆ ನಿಜವಾದ ಬೆದರಿಕೆ ಇರುವುದು ಹೃದಯದ ಕಡೆಯಿಂದ. ಬಿಟ್ಟ ಒಂದು ವರ್ಷದೊಳಗೆ, ಸೇದುತ್ತಿದ್ದುದರಿಂದ ಹೆಚ್ಚಿದ್ದ ಹೃದಯಾಘಾತದ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ವೃತ್ತಿಯಲ್ಲಿ ನಿಮಗೆ 65ರವರೆಗೆ ಇನ್ನೂ ಹದಿಮೂರು ವರ್ಷ ಉಳಿದಿದೆ. ಮುಂದಿನ ಮೆಡಿಕಲ್‌ಗೆ ಹೋಗುವಾಗ ಬಿಟ್ಟ ದಿನಾಂಕವನ್ನೂ ಬಳಸುತ್ತಿರುವ ಗಮ್ಮಿನ ಪ್ರಮಾಣವನ್ನೂ ಬರೆದುಕೊಂಡು ಹೋಗಿ, ಕೊಲೆಸ್ಟರಾಲ್, ರಕ್ತದೊತ್ತಡಗಳ ಹಳೆಯ ವರದಿಗಳೊಂದಿಗೆ ವೈದ್ಯರ ಮುಂದಿಡಿ. ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ನೀವೇ ಕೇಳಿ.